ಮರೆತವರಲ್ಲಿ ಉಳಿದಿರುವುದು



ಇಂದು ನಾನು ಮಾತನಾಡಲಿರುವುದು ನೆನಪಿನ ಬಗ್ಗೆ. ಅದಕ್ಕಿಂತ ಹೆಚ್ಚಾಗಿ ನೆನಪು ಕಳೆದುಕೊಂಡವರ ಬಗ್ಗೆ. ಮಿದುಳಿನ ವಿಜ್ಞಾನ ಈಚಿನ 70 ವರ್ಷಗಳಲ್ಲಿ ಕಲಿತ ಬಹು ದೊಡ್ಡ ಪಾಠವೊಂದನ್ನು ಒಬ್ಬ ಸಾಮಾನ್ಯ ಮನುಷ್ಯ ತನ್ನ ಬದುಕನ್ನೇ ತೆತ್ತು ಕಲಿಸಿಕೊಟ್ಟರು. ಆ ಪಾಠ ಪ್ರಯೋಗಶಾಲೆಗಳಲ್ಲೇ ಉಳಿಯಬಾರದು, ನಮ್ಮ ನಡುಮನೆಗೂ ಬರಬೇಕು ಎಂಬುದು ನನ್ನ ಆಸೆ.

ಅವರ ಹೆಸರು ಹೆನ್ರಿ ಮೊಲೈಸನ್. ಹುಟ್ಟಿದ್ದು 1926ರಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ. ಚಿಕ್ಕಂದಿನಲ್ಲೇ ಅವರಿಗೆ ಮೂರ್ಛೆರೋಗ ಶುರುವಾಯಿತು. ಹದಿನೈದನೆಯ ಹುಟ್ಟುಹಬ್ಬದ ದಿನ ತಂದೆ ತಾಯಿಯ ಜೊತೆ ಕಾರಿನಲ್ಲಿ ಹೋಗುತ್ತಿದ್ದಾಗ ಮೊದಲ ಬಾರಿಗೆ ಕೈಕಾಲು ಸೆಟೆದು ಪ್ರಜ್ಞೆ ತಪ್ಪುವಂಥ ದೊಡ್ಡ ಫಿಟ್ಸ್ ಬಂತು. ಮುಂದೆ ಅದು ಹೆಚ್ಚುತ್ತಲೇ ಹೋಯಿತು. ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸ ಮಾಡುತ್ತಿದ್ದ ಯುವಕ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾಯಿತು. ಆಗ ಇದ್ದ ಔಷಧಿಗಳನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೂ ರೋಗ ಹಿಡಿತಕ್ಕೆ ಬರಲಿಲ್ಲ.

1953ರ ಆಗಸ್ಟ್ 25ರಂದು ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರಚಿಕಿತ್ಸಕರು ಹೆನ್ರಿಯವರ ಹಣೆಯ ಮೂಳೆಯಲ್ಲಿ ಎರಡು ರಂಧ್ರ ಕೊರೆದರು. ಕಿವಿಗಳ ನೇರಕ್ಕೆ, ಮಿದುಳಿನ ಒಳಮಗ್ಗುಲಲ್ಲಿ, ಎಡಕ್ಕೊಂದು ಬಲಕ್ಕೊಂದು ಇರುವ ಹಿಪ್ಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನೂ ಅದರ ಅಕ್ಕಪಕ್ಕದ ಅಂಗಾಂಶವನ್ನೂ ಹೀರಿ ತೆಗೆದರು. ಅದು ಪರಿಣಾಮ ಗೊತ್ತಿಲ್ಲದೆ ಮಾಡಿದ ಪ್ರಯೋಗ. ಸ್ಕೋವಿಲ್ ಅವರೇ ಮುಂದೆ ಅದನ್ನು ಹಾಗೆಂದು ಬರೆದುಕೊಂಡರು. ಹೆನ್ರಿಯವರಿಗೆ ಆಗ 27 ವರ್ಷ.

ಫಿಟ್ಸ್ ಬಹಳ ಮಟ್ಟಿಗೆ ಕಡಿಮೆಯಾಯಿತು. ಬುದ್ಧಿಯ ಚುರುಕು ಕುಂದಲಿಲ್ಲ, ಮಾತು ಕೆಡಲಿಲ್ಲ, ಸ್ವಭಾವದ ಮೃದುತನ ಹಾಗೇ ಉಳಿಯಿತು. ಆದರೆ ಆಸ್ಪತ್ರೆಯ ಸಿಬ್ಬಂದಿಯನ್ನು ಎಷ್ಟು ಸಲ ಕಂಡರೂ ಅವರಿಗೆ ಗುರುತು ಸಿಗುತ್ತಿರಲಿಲ್ಲ. ಶೌಚಾಲಯದ ದಾರಿಯನ್ನು ಎಷ್ಟು ಸಲ ತೋರಿಸಿದರೂ ಮತ್ತೆ ತೋರಿಸಬೇಕಿತ್ತು. ಮನೆಗೆ ಬಂದ ಮೇಲೂ ಹಾಗೆಯೇ. ಹುಲ್ಲು ಕತ್ತರಿಸುವ ಯಂತ್ರವನ್ನು ಹಿಂದಿನ ದಿನವಷ್ಟೇ ಬಳಸಿರುತ್ತಿದ್ದರು. ಮಾರನೆಯ ದಿನ ಅದು ಎಲ್ಲಿದೆ ಎಂದು ತಾಯಿಯೇ ಹೇಳಬೇಕಿತ್ತು. ಓದಿದ ಪತ್ರಿಕೆಯನ್ನೇ ಮತ್ತೆ ಹೊಸದೆಂಬಂತೆ ಓದುತ್ತಿದ್ದರು.

1955ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಿಂದ ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಹೆನ್ರಿಯವರನ್ನು ಪರೀಕ್ಷಿಸಲು ಬಂದರು. ಇದು ಯಾವ ತಿಂಗಳು, ಯಾವ ವರ್ಷ ಎಂದು ಕೇಳಿದರೆ ಹೆನ್ರಿ 1953ರ ಮಾರ್ಚ್ ಎಂದರು. ತಮ್ಮ ವಯಸ್ಸು 27 ಎಂದರು. ಕೋಣೆಗೆ ಬರುವ ಸ್ವಲ್ಪ ಮುಂಚೆ ಇನ್ನೊಬ್ಬ ವೈದ್ಯರ ಜೊತೆ ಮಾತನಾಡಿದ್ದರೂ ಅದರ ಸುಳಿವೇ ಅವರಿಗಿರಲಿಲ್ಲ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಮಾತ್ರ 112 ಅಂಕ, ಅಂದರೆ ಸಾಮಾನ್ಯಕ್ಕಿಂತ ಒಂದು ಕೈ ಮೇಲೆ. ಬುದ್ಧಿ ಮತ್ತು ನೆನಪು ಒಂದೇ ಅಲ್ಲ ಎಂಬುದು ಇಷ್ಟು ನಿಚ್ಚಳವಾಗಿ ಹಿಂದೆಂದೂ ಕಂಡಿರಲಿಲ್ಲ. 1957ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ಜೊತೆಯಾಗಿ ಪ್ರಕಟಿಸಿದ ಲೇಖನ ನೆನಪಿನ ಅಧ್ಯಯನದ ದಿಕ್ಕನ್ನೇ ಬದಲಿಸಿತು. ರೋಗಿಯ ಹೆಸರನ್ನು ಗುಟ್ಟಾಗಿಡಲು ಹೆಸರಿನ ಮೊದಲಕ್ಷರಗಳನ್ನಷ್ಟೇ ಬಳಸಿದರು. ಹಾಗಾಗಿ ಅರ್ಧ ಶತಮಾನ ಕಾಲ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅವರು ಕೇವಲ ‘ಎಚ್. ಎಂ.’

ಹೆನ್ರಿಯವರಿಗೆ ಬಾಲ್ಯದ ನೆನಪಿತ್ತು. ಶಾಲೆ, ನೆರೆಹೊರೆ, ತಂದೆ ತಾಯಿ ಎಲ್ಲ ಗೊತ್ತಿತ್ತು. ಆ ಕ್ಷಣದಲ್ಲಿ ನಡೆಯುವ ಮಾತುಕತೆಯನ್ನೂ ಹಿಡಿದುಕೊಳ್ಳಬಲ್ಲವರಾಗಿದ್ದರು. ಒಮ್ಮೆ 584 ಎಂಬ ಸಂಖ್ಯೆಯನ್ನು ನೆನಪಿಡಲು ಹೇಳಿದಾಗ, ಅಂಕಿಗಳನ್ನು ಮನಸ್ಸಿನಲ್ಲೇ ಕೂಡುತ್ತ ಕಳೆಯುತ್ತ ಕಾಲು ಗಂಟೆ ಹಿಡಿದಿಟ್ಟರು. ಗಮನ ಬೇರೆಡೆ ಹೊರಳಿದ್ದೇ ತಡ, ಸಂಖ್ಯೆ ಹೋಗಲಿ, ತಮಗೊಂದು ಸಂಖ್ಯೆ ಕೊಟ್ಟಿದ್ದರು ಎಂಬುದೇ ಮರೆತುಹೋಯಿತು. ಹಳೆಯದು ಉಂಟು, ಈ ಕ್ಷಣದ್ದೂ ಉಂಟು. ಈ ಕ್ಷಣದ್ದು ನಾಳೆಗೆ ದಾಟುವ ಹಾದಿಯೊಂದೇ ಇಲ್ಲ.

ಆ ಹಾದಿ ಯಾವುದು? ಭತ್ತ ಬೆಳೆಯುವವರಿಗೆ ಇದನ್ನು ಹೇಳುವುದು ಸುಲಭ. ಬೀಜವನ್ನು ನೇರವಾಗಿ ಗದ್ದೆಗೆಲ್ಲ ಚೆಲ್ಲದೆ ಮೊದಲು ಸಸಿಮಡಿಯಲ್ಲಿ ಎಬ್ಬಿಸುತ್ತೇವೆ. ಸಸಿ ಬಲಿತ ಮೇಲೆ ಕಿತ್ತು ಗದ್ದೆಯಲ್ಲಿ ನಾಟಿ ಮಾಡುತ್ತೇವೆ. ದಿನದ ಅನುಭವಗಳಿಗೆ ಹಿಪ್ಪೊಕ್ಯಾಂಪಸ್ ಅಂಥ ಸಸಿಮಡಿ. ಕಂಡದ್ದು, ಕೇಳಿದ್ದು, ಎಲ್ಲಿ ನಡೆಯಿತು, ಯಾರಿದ್ದರು ಎಂಬುದೆಲ್ಲ ಅಲ್ಲಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಮುಂದೆ ದಿನಗಳು, ತಿಂಗಳುಗಳು ಕಳೆದಂತೆ ಮಿದುಳಿನ ವಿಶಾಲವಾದ ಹೊರಪದರದಲ್ಲಿ ಬೇರೂರುತ್ತದೆ. ಈ ಕೆಲಸಕ್ಕೆ ನಿದ್ದೆ ಬಹಳ ಮುಖ್ಯ. ಸಸಿಮಡಿ ಹಾಳಾದರೆ ಹಿಂದೆ ನಾಟಿ ಆದದ್ದು ಬಹುಮಟ್ಟಿಗೆ ಉಳಿಯುತ್ತದೆ. ಹೊಸ ನಾಟಿ ನಿಂತುಹೋಗುತ್ತದೆ. ಹೆನ್ರಿಯವರಿಗೆ ಆದದ್ದು ಇದು.

ಇಷ್ಟೇ ಆಗಿದ್ದರೆ ಇದು ಬರಿಯ ದುಃಖದ ಕಥೆ. ಆದರೆ ಮಿಲ್ನರ್ ಇನ್ನೊಂದು ಪರೀಕ್ಷೆ ಮಾಡಿದರು. ಕಾಗದದ ಮೇಲೆ ಜೋಡಿಗೆರೆಯಲ್ಲಿ ಬರೆದ ಒಂದು ನಕ್ಷತ್ರ. ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಆದರೆ ಕಾಗದವನ್ನು ನೇರವಾಗಿ ನೋಡುವಂತಿಲ್ಲ, ಎದುರಿನ ಕನ್ನಡಿಯಲ್ಲಷ್ಟೇ ನೋಡಬೇಕು. ಒಮ್ಮೆ ಮಾಡಿ ನೋಡಿ; ಮೂಲೆ ಬಂದಾಗ ಕೈ ಎತ್ತ ತಿರುಗಬೇಕೆಂದು ತಿಳಿಯದೆ ಒದ್ದಾಡುತ್ತದೆ. ಅಭ್ಯಾಸ ಮಾಡಿದರೆ ನಿಧಾನವಾಗಿ ಹಿಡಿತ ಬರುತ್ತದೆ. ಹೆನ್ರಿಯವರಿಗೆ ಮೂರು ದಿನ ಇದನ್ನು ಮಾಡಿಸಿದರು. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಯಿತು. ಮೂರನೆಯ ದಿನ ಅವರ ಗೆರೆ ಹೆಚ್ಚುಕಡಿಮೆ ತಪ್ಪಿಲ್ಲದೆ ಸಾಗಿತು. ಇದನ್ನು ಹಿಂದೆ ಮಾಡಿದ್ದೀರಾ ಎಂದರೆ, ಇಲ್ಲ. ಕಾಗದ, ಕನ್ನಡಿ ಎಲ್ಲವೂ ಅವರಿಗೆ ಹೊಸದು. ಇಷ್ಟು ಸುಲಭವಾಗಿ ಬಂತಲ್ಲ ಎಂದು ಅವರಿಗೇ ಅಚ್ಚರಿ.

ಕೇಳುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಕೈ ಕಲಿತಿದೆ, ಕೈಯ ಒಡೆಯರಿಗೆ ಅದು ಗೊತ್ತಿಲ್ಲ. ಹಾಗಾದರೆ ನೆನಪು ಎಂಬುದು ಒಂದೇ ವಸ್ತು ಅಲ್ಲ. ‘ನಿನ್ನೆ ಸಂತೆಗೆ ಹೋಗಿದ್ದೆ’, ‘ಮೈಸೂರು ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಎಂದು ಹೆಸರಾಯಿತು’ ಎಂದು ಬಾಯಿಬಿಟ್ಟು ಹೇಳಬಲ್ಲ ನೆನಪು ಒಂದು ಬಗೆ. ಅದಕ್ಕೆ ಹಿಪ್ಪೊಕ್ಯಾಂಪಸ್ ಬೇಕು. ಸೈಕಲ್ ತುಳಿಯುವುದು, ಹೂ ಕಟ್ಟುವುದು, ಜೋಳದ ರೊಟ್ಟಿ ಬಡಿಯುವುದು, ತಂಬೂರಿ ಮೀಟುವುದು ಇನ್ನೊಂದು ಬಗೆ. ಅದು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಗಂಟುಗಳನ್ನೂ ತಲೆಯ ಹಿಂಬದಿಯ ಕಿರುಮಿದುಳನ್ನೂ ನೆಚ್ಚಿಕೊಂಡಿದೆ. ಹೂ ಕಟ್ಟುವ ಹೆಂಗಸನ್ನು ಗಂಟು ಹೇಗೆ ಹಾಕುತ್ತೀರಿ ಎಂದು ಕೇಳಿ. ಮಾತಿನಲ್ಲಿ ಹೇಳಲು ತಡವರಿಸುತ್ತಾರೆ, ಬೆರಳು ಮಾತ್ರ ನಿಲ್ಲುವುದಿಲ್ಲ.

ಹೆನ್ರಿಯವರಲ್ಲಿ ಮತ್ತೂ ಕೆಲವು ಎಳೆಗಳು ಉಳಿದಿದ್ದವು. ಶಸ್ತ್ರಚಿಕಿತ್ಸೆಯ ನಂತರ ಕುಟುಂಬ ಬೇರೊಂದು ಮನೆಗೆ ಹೋಗಿತ್ತು. ವರ್ಷಗಟ್ಟಲೆ ಅಲ್ಲಿ ಓಡಾಡಿದ ಮೇಲೆ ಆ ಮನೆಯ ಕೋಣೆಗಳ ನಕ್ಷೆಯನ್ನು ಅವರು ಬರೆದು ತೋರಿಸಬಲ್ಲವರಾದರು. 1962ರಿಂದ ಕೊನೆಯವರೆಗೂ ಅವರನ್ನು ಅಧ್ಯಯನ ಮಾಡಿದ ಸೂಸನ್ ಕಾರ್ಕಿನ್ ಎಂಬ ವಿಜ್ಞಾನಿಯ ಹೆಸರು ಅವರಿಗೆ ಉಳಿಯಲಿಲ್ಲ. ಆದರೆ ಆಕೆ ಪರಿಚಯದವರು ಎಂಬ ಭಾವ ಮೂಡುತ್ತಿತ್ತು. ಎಲ್ಲಿಯ ಪರಿಚಯ ಎಂದು ಕೇಳಿದರೆ, ಹೈಸ್ಕೂಲಿನದು ಎನ್ನುತ್ತಿದ್ದರು.

ಹೆನ್ರಿಯವರ ಬದುಕಿನಿಂದ ಈಗ ಇನ್ನೂ ಹಿಂದಕ್ಕೆ, ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋಗೋಣ. ಎಡ್ವಾರ್ಡ್ ಕ್ಲಾಪರೇಡ್ ಎಂಬ ವೈದ್ಯರು 1911ರಲ್ಲಿ ಒಂದು ಸಣ್ಣ ಘಟನೆಯನ್ನು ಬರೆದಿಟ್ಟರು. ಅವರ ಬಳಿ ಇದ್ದ ಒಬ್ಬ ಮಹಿಳೆಗೆ ಹೊಸ ನೆನಪುಗಳು ನಿಲ್ಲುತ್ತಿರಲಿಲ್ಲ. ದಿನವೂ ಕಾಣುವ ವೈದ್ಯರೇ ಅಪರಿಚಿತರು. ಒಂದು ದಿನ ಕ್ಲಾಪರೇಡ್ ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಕೊಂಡು ಆಕೆಯ ಕೈ ಕುಲುಕಿದರು. ಸೂಜಿ ಚುಚ್ಚಿತು. ಆ ನೋವು ಬೇಗನೆ ಮರೆತುಹೋಯಿತು. ಆದರೆ ವೈದ್ಯರು ಮತ್ತೆ ಕೈ ಚಾಚಿದಾಗ ಆಕೆ ಥಟ್ಟನೆ ಕೈ ಹಿಂದೆಳೆದುಕೊಂಡರು. ಯಾಕೆ ಎಂದರೆ ಕಾರಣ ಗೊತ್ತಿಲ್ಲ. ಕೈಯಲ್ಲಿ ಕೆಲವೊಮ್ಮೆ ಸೂಜಿ ಅಡಗಿಸಿಕೊಂಡಿರುತ್ತಾರಲ್ಲವೇ ಎಂದಷ್ಟೇ ಹೇಳಿದರು. ರೋಗಿಗೆ ತಿಳಿಸದೆ ಹಾಗೆ ನೋವು ಮಾಡುವುದನ್ನು ಇಂದು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೂ ಅದು ತೋರಿಸಿಕೊಟ್ಟದ್ದು ದೊಡ್ಡದು. ಘಟನೆ ಅಳಿಸಿಹೋದರೂ ಅದು ಬಿಟ್ಟುಹೋದ ಅಂಜಿಕೆ ಅಳಿಯಲಿಲ್ಲ.

ಅಂಜಿಕೆ ಉಳಿಯುವುದಾದರೆ ಸಂತೋಷ? ದುಃಖ? ಈ ಪ್ರಶ್ನೆಗೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಉತ್ತರ ಕೊಟ್ಟರು. ಎರಡೂ ಕಡೆಯ ಹಿಪ್ಪೊಕ್ಯಾಂಪಸ್ ಕೆಟ್ಟಿದ್ದ ಐದು ಮಂದಿಗೆ ಮೊದಲು ಅಳು ತರಿಸುವ ಸಿನಿಮಾ ತುಣುಕುಗಳನ್ನು, ಇನ್ನೊಮ್ಮೆ ನಗು ತರಿಸುವ ತುಣುಕುಗಳನ್ನು ತೋರಿಸಿದರು. ಕೆಲವೇ ನಿಮಿಷಗಳ ನಂತರ ಏನು ನೋಡಿದಿರಿ ಎಂದು ಕೇಳಿದರೆ ಅವರಿಗೆ ಹೆಚ್ಚೇನೂ ನೆನಪಿರಲಿಲ್ಲ. ಆದರೆ ಮನಸ್ಸಿನ ಮೇಲಿನ ಭಾರ ಹಾಗೇ ಇತ್ತು. ಹಗುರವೂ ಹಾಗೇ ಇತ್ತು. ಕಾರಣ ಹೋಗಿತ್ತು, ಭಾವ ಉಳಿದಿತ್ತು. 2014ರಲ್ಲಿ ಅಲ್ಜೈಮರ್ ಕಾಯಿಲೆಯವರ ಮೇಲೆ ಇದೇ ರೀತಿಯ ಅಧ್ಯಯನ ನಡೆಸಿದಾಗ ಅಲ್ಲಿಯೂ ಇದೇ ಕಂಡುಬಂತು.

ಅಲ್ಜೈಮರ್ ಎಂದೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ 1906ರಲ್ಲಿ ಈ ಕಾಯಿಲೆಯನ್ನು ಮೊದಲಿಗೆ ವಿವರಿಸಿದರು; ಹೆಸರು ಅವರದೇ. ಈ ರೋಗ ಸಾಮಾನ್ಯವಾಗಿ ಮೊದಲು ಕೈಹಾಕುವುದು ಹಿಪ್ಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗಗಳಿಗೆ. ಹೆನ್ರಿಯವರ ಕಥೆ ನಮ್ಮ ಮನೆಗಳ ಕಥೆಯೂ ಆಗುವುದು ಇಲ್ಲಿಂದಲೇ. ತಾತನಿಗೆ ಬೆಳಗ್ಗೆ ತಿಂದ ಉಪ್ಪಿಟ್ಟು ನೆನಪಿಲ್ಲ. ಅರವತ್ತು ವರ್ಷ ಹಿಂದಿನ ಜಾತ್ರೆಯ ತೇರು, ಜೊತೆಗಿದ್ದ ಗೆಳೆಯರು ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ‘ಬೇಕಾದ್ದೆಲ್ಲ ನೆನಪಿರುತ್ತೆ, ಬೇಡದ್ದು ಮಾತ್ರ ಮರೆಯುತ್ತೆ’ ಎಂದು ಮನೆಯವರು ರೇಗುತ್ತಾರೆ. ತಾತ ನಟಿಸುತ್ತಿಲ್ಲ, ಹಟವನ್ನೂ ಮಾಡುತ್ತಿಲ್ಲ. ಹಳೆಯ ನಾಟಿ ಉಳಿದಿದೆ, ಹೊಸದು ಹಿಡಿಯುತ್ತಿಲ್ಲ, ಅಷ್ಟೆ. ಮಗಳ ಹೆಸರು ತಪ್ಪಿದ ಅಜ್ಜಿ ತಾವು ಚಿಕ್ಕಂದಿನಲ್ಲಿ ಕಲಿತ ದೇವರನಾಮವನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ಹಾಡಬಲ್ಲರು. ಕೈಗೆ ದಾರ ಮತ್ತು ಮಲ್ಲಿಗೆ ಕೊಟ್ಟರೆ ಮಾಲೆ ಕಟ್ಟಬಲ್ಲರು.

ಹೀಗಿರುವಾಗ ಅವರನ್ನು ನೋಡಲು ಬಂದ ನಾವು ಏನು ಮಾಡುತ್ತೇವೆ? ಹತ್ತಿರ ಕೂತು ‘ನಾನು ಯಾರು ಹೇಳಿ ನೋಡೋಣ?’ ಎನ್ನುತ್ತೇವೆ. ಪ್ರೀತಿಯಿಂದಲೇ ಕೇಳುತ್ತೇವೆ. ಆದರೆ ಹಿಪ್ಪೊಕ್ಯಾಂಪಸ್ ಸೊರಗಿದವರಿಗೆ ಅದು ಉತ್ತರ ಗೊತ್ತಿಲ್ಲದ ಪರೀಕ್ಷೆ, ಅದೂ ಎಲ್ಲರ ಎದುರಿಗೆ. ಅವರು ಸೋಲುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಪ್ರಶ್ನೆ ಮರೆತುಹೋಗುತ್ತದೆ. ಸೋತ ಸಂಕೋಚ ಉಳಿಯುತ್ತದೆ, ಮತ್ತು ಅದು ಯಾಕೆ ಬಂತೆಂದು ಅವರಿಗೇ ತಿಳಿಯುವುದಿಲ್ಲ. ಸಂಜೆ ಕಾರಣವಿಲ್ಲದೆ ಸಿಡುಕಿದರು, ಊಟ ಬೇಡ ಎಂದರು ಎಂದು ಮನೆಯವರು ಹೇಳುವಾಗ, ಬೆಳಗಿನಿಂದ ಎಷ್ಟು ಸಲ ಅವರನ್ನು ತಿದ್ದಿದೆವು, ಗದರಿದೆವು ಎಂದು ನಾವು ಲೆಕ್ಕ ಹಾಕಿಕೊಳ್ಳಬೇಕು.

ಪರೀಕ್ಷೆಯ ಬದಲು ನಾವೇ ಪರಿಚಯ ಹೇಳಿಕೊಳ್ಳಬಹುದು. ‘ಅಜ್ಜೀ, ನಾನು ಸುಮಾ, ನಿಮ್ಮ ಶಾರದೆಯ ಮಗಳು. ನಿಮ್ಮನ್ನು ನೋಡೋಣ ಅಂತ ಬಂದೆ’ ಎಂದರೆ ಸಾಕು. ಒಂದು ಮಾತಿನಲ್ಲಿ ಅವರ ಭಾರ ಇಳಿಯಿತು. ಅದೇ ಪ್ರಶ್ನೆಯನ್ನು ಹತ್ತನೆಯ ಸಲ ಕೇಳಿದರೆ, ‘ಆಗಲೇ ಹೇಳಿದೆನಲ್ಲ’ ಎನ್ನುವುದು ಬೇಡ. ಅವರ ಮಟ್ಟಿಗೆ ಅದು ಮೊದಲ ಸಲವೇ. ನಿನ್ನೆ ಏನಾಯಿತು ಎಂದು ಕೆದಕುವ ಬದಲು ಅವರಲ್ಲಿ ಉಳಿದಿರುವ ಕಡೆಗೆ ಹೋಗೋಣ: ಹಾಡಿಸೋಣ, ಕಾಳು ಆರಿಸಲು ಮೊರ ಕೊಡೋಣ, ಅವರ ಊರಿನ ಕೆರೆಯ ಬಗ್ಗೆ, ಕಟ್ಟಿದ್ದ ಎತ್ತಿನ ಬಗ್ಗೆ ಕೇಳೋಣ.

ಇನ್ನೊಂದು ಕಷ್ಟದ ವಿಷಯವಿದೆ. ಹೆನ್ರಿಯವರಿಗೆ ತಮ್ಮ ಪ್ರೀತಿಯ ಚಿಕ್ಕಪ್ಪ ತೀರಿಕೊಂಡ ಸುದ್ದಿ ಕೇಳಿದಾಗಲೆಲ್ಲ ಅದು ಹೊಸ ಸಾವು, ಹೊಸ ದುಃಖ ಎಂದು ಮಿಲ್ನರ್ ಗಮನಿಸಿದ್ದರು. ‘ಅಪ್ಪ ಎಲ್ಲಿ, ಇನ್ನೂ ಹೊಲದಿಂದ ಬರಲಿಲ್ಲವೇ?’ ಎಂದು ಎಂಬತ್ತು ದಾಟಿದ ತಾಯಿ ಕೇಳಿದಾಗ, ‘ಅವರು ಹೋಗಿ ನಲವತ್ತು ವರ್ಷ ಆಯಿತಲ್ಲಮ್ಮ’ ಎಂದು ಪ್ರತಿ ಸಲವೂ ಸತ್ಯ ಹೇಳುವುದೆಂದರೆ ಪ್ರತಿ ಸಲವೂ ಅವರನ್ನು ಹೊಸದಾಗಿ ತಬ್ಬಲಿ ಮಾಡಿದಂತೆ. ಸುಳ್ಳು ಹೇಳಬೇಕಿಲ್ಲ. ‘ನಿಮ್ಮಪ್ಪ ನಿಮ್ಮನ್ನು ಬಹಳ ಮುದ್ದು ಮಾಡ್ತಿದ್ದರು ಅಲ್ವಾ? ಏನು ತಂದುಕೊಡ್ತಿದ್ದರು?’ ಎಂದು ಮಾತನ್ನು ಅವರ ಹಂಬಲದ ಕಡೆಗೇ ತಿರುಗಿಸಬಹುದು. ಆ ಗಳಿಗೆಯಲ್ಲಿ ಅವರಿಗೆ ಬೇಕಾಗಿರುವುದು ಸುದ್ದಿಯಲ್ಲ, ಆಸರೆ.

ಹಾಗೆಂದು ವಯಸ್ಸಾದವರ ಮರೆವನ್ನೆಲ್ಲ ಅಲ್ಜೈಮರ್ ಎಂದುಕೊಂಡು ಕೈಚೆಲ್ಲಬಾರದು. ಒಬ್ಬರ ಹೆಸರು ಥಟ್ಟನೆ ಹೊಳೆಯದೆ ಆಮೇಲೆ ನೆನಪಾಗುವುದು ವಯಸ್ಸಿನ ಸಹಜ ಲಕ್ಷಣ. ತಮ್ಮದೇ ಬೀದಿಯಲ್ಲಿ ದಾರಿ ತಪ್ಪುವುದು, ಸದಾ ಮಾಡುತ್ತಿದ್ದ ಸಾರಿನ ಕ್ರಮ ತಿಳಿಯದಾಗುವುದು, ಹಣದ ಲೆಕ್ಕ ಪೂರ್ತಿ ಗೊಂದಲವಾಗುವುದು ಬೇರೆ. ಆಗ ವೈದ್ಯರ ಬಳಿ ಹೋಗಲೇಬೇಕು. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ತೊಂದರೆ, ಖಿನ್ನತೆ, ಕೆಲವು ಔಷಧಿಗಳ ಪರಿಣಾಮ — ಇವೂ ಮರೆವನ್ನು ತರುತ್ತವೆ, ಮತ್ತು ಇವಕ್ಕೆ ಚಿಕಿತ್ಸೆ ಇದೆ. ‘ವಯಸ್ಸಾಯ್ತು, ಅರಳು ಮರಳು’ ಎಂದು ಸುಮ್ಮನಿದ್ದರೆ ಸರಿಹೋಗಬಹುದಾದದ್ದೂ ಕೈ ತಪ್ಪುತ್ತದೆ. ಕಿವಿ ಮಂದವಾಗಿದ್ದರೆ ಶ್ರವಣಯಂತ್ರ ಹಾಕಿಸುವುದು, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡುವುದು, ದಿನವೂ ನಡೆಯುವುದು, ನಾಲ್ಕು ಜನರೊಂದಿಗೆ ಬೆರೆಯುವುದು ಮಿದುಳಿಗೆ ಹಿತ.

ನಮ್ಮ ನಾಡಿನಲ್ಲೂ ಮಿದುಳಿನ ಸಂಶೋಧನೆ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಾನವ ಮಿದುಳು ಬ್ಯಾಂಕ್ ಇದೆ. ಜನ ದಾನ ಮಾಡಿದ ಮಿದುಳುಗಳನ್ನು ಅಲ್ಲಿ ಸಂಶೋಧನೆಗೆಂದು ಕಾಪಾಡಲಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಲಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ ಜನರನ್ನು ವರ್ಷದಿಂದ ವರ್ಷಕ್ಕೆ ಪರೀಕ್ಷಿಸುತ್ತ ಬಂದಿದೆ. ಅದರ ಗುರಿ 10,000 ಮಂದಿ. ಮರೆವಿನ ರೋಗದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಪಶ್ಚಿಮದ ನಗರಗಳ ಜನರಿಂದ ಬಂದದ್ದು. ರಾಗಿ ಮುದ್ದೆ ಉಂಡು ಹೊಲದಲ್ಲಿ ದುಡಿದ ನಮ್ಮ ರೈತರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದನ್ನು ಅವರಿಂದಲೇ ತಿಳಿಯಬೇಕು. ಅದಕ್ಕೆ ಒಪ್ಪಿ ಮುಂದೆ ಬಂದ ಆ ಹಳ್ಳಿಗಳ ಜನರಿಗೆ ನಾವೆಲ್ಲ ಋಣಿಗಳು.

ಹೆನ್ರಿ ಮೊಲೈಸನ್ 2008ರ ಡಿಸೆಂಬರ್ 2ರಂದು, 82ನೆಯ ವಯಸ್ಸಿನಲ್ಲಿ, ಒಂದು ಶುಶ್ರೂಷಾಲಯದಲ್ಲಿ ತೀರಿಕೊಂಡರು. ಅವರ ಪೂರ್ತಿ ಹೆಸರು ಲೋಕಕ್ಕೆ ತಿಳಿದದ್ದು ಆಮೇಲೆಯೇ. ಮರುವರ್ಷ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೋದಲ್ಲಿ ಅವರ ಮಿದುಳನ್ನು 2,401 ತೆಳುಪದರಗಳಾಗಿ ಸೀಳಿ ಕಾಪಿಟ್ಟರು. ತಾವು ಏನನ್ನು ಒಪ್ಪಿದೆವು ಎಂಬುದನ್ನೇ ನೆನಪಿಡಲಾರದ ವ್ಯಕ್ತಿಯಿಂದ ಐದು ದಶಕ ಒಪ್ಪಿಗೆ ಪಡೆದದ್ದು ಸರಿಯೇ ಎಂಬ ಪ್ರಶ್ನೆಯೂ ಎದ್ದಿದೆ. ಅದು ಏಳಬೇಕಾದ ಪ್ರಶ್ನೆಯೇ. ತಮ್ಮಿಂದ ಕಲಿತದ್ದು ಬೇರೆಯವರಿಗೆ ನೆರವಾಗಲಿ ಎಂಬುದು ಹೆನ್ರಿಯವರ ಇಚ್ಛೆಯಾಗಿತ್ತೆಂದು ಕಾರ್ಕಿನ್ ದಾಖಲಿಸಿದ್ದಾರೆ. ಆ ಇಚ್ಛೆ ನೆರವೇರುವುದು ನಮ್ಮ ನಡವಳಿಕೆ ಬದಲಾದಾಗ ಮಾತ್ರ.

ಕೊನೆಯದಾಗಿ, ಇಂಥ ಮನೆಗಳಲ್ಲಿ ಆರೈಕೆ ಮಾಡುವವರ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಸೊಸೆಯೋ, ಮದುವೆಯಾಗದ ಮಗಳೋ, ತಾನೂ ವಯಸ್ಸಾದ ಹೆಂಡತಿಯೋ ಹಗಲೂ ರಾತ್ರಿ ಒಬ್ಬರೇ ಹೆಣಗುತ್ತಿರುತ್ತಾರೆ. ದೂರದಲ್ಲಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು ‘ಗುರುತೇ ಹಿಡಿಯೋದಿಲ್ಲ, ಬಂದು ಏನು ಪ್ರಯೋಜನ’ ಎಂದು ಬರುವುದನ್ನೇ ನಿಲ್ಲಿಸುತ್ತಾರೆ. ಪ್ರಯೋಜನ ಖಂಡಿತ ಇದೆ ಎಂದು ಈಗ ವಿಜ್ಞಾನವೇ ಹೇಳುತ್ತಿದೆ. ನೀವು ಬಂದದ್ದು ನಿಮ್ಮ ತಾಯಿಗೆ ಸಂಜೆಯ ಹೊತ್ತಿಗೆ ಮರೆತುಹೋಗಬಹುದು. ನೀವು ತಂದ ನೆಮ್ಮದಿ ಆಮೇಲೂ ಅವರ ಮನಸ್ಸಿನಲ್ಲಿ ಇರುತ್ತದೆ. ನೀವು ಕೂತ ಆ ಎರಡು ತಾಸು ಆರೈಕೆ ಮಾಡುವವರು ಒಂದಿಷ್ಟು ಮಲಗಬಹುದು, ತಮ್ಮ ಕೆಲಸಕ್ಕೆ ಹೊರಗೆ ಹೋಗಿಬರಬಹುದು. ಅಂಥವರು ನಿಮ್ಮ ಕುಟುಂಬದಲ್ಲಿದ್ದರೆ ಈ ವಾರವೇ ಫೋನ್ ಮಾಡಿ, ಯಾವ ದಿನ ಬರಲಿ ಎಂದು ಕೇಳಿ, ಹೇಳಿದ ದಿನ ತಪ್ಪದೆ ಹೋಗಿ.